ಕ್ಯಾಂಪ್‌ಫೈರ್ ಸಿಹಿತಿಂಡಿ ಹೊರಗೆ ಕರಕಲು, ಒಳಗೆ ತಣ್ಣಗೆ: ಯಾಕೆ ಹೀಗೆ?

ಓದುಗರ ಪ್ರಶ್ನೆ: ಕ್ಯಾಂಪ್‌ಫೈರ್ ಹಾಕಿದಾಗಲೆಲ್ಲ ಮಾರ್ಷ್‌ಮ್ಯಾಲೋ, ಬಾಳೆಹಣ್ಣು, ಸೇಬು ಸುಟ್ಟು ತಿನ್ನೋಣ ಅಂತ ಕೂರುತ್ತೇವೆ. ಮೇಲೆಲ್ಲ ಸೀದು ಕಪ್ಪಾಗುತ್ತದೆ, ಒಳಗೆ ಮಾತ್ರ ಬಿಸಿಯೇ ಆಗಿರುವುದಿಲ್ಲ. ಎಲ್ಲಿ ಎಡವುತ್ತಿದ್ದೇವೆ?

ಅವಸರದಲ್ಲಿ. ಬೆಂಕಿ ಧಗಧಗ ಉರಿಯುವಾಗಲೇ ಕಡ್ಡಿ ಹಿಡಿದರೆ ಹೀಗೇ ಆಗುವುದು. ಉರಿ ಮೈ ಕಾಯಿಸಿಕೊಳ್ಳಲು ಚೆನ್ನ. ಸಿಹಿ ಮಾಡಲು ಕೆಂಡವೇ ಬೇಕು.

ಇದಕ್ಕೆ ಕಾರಣ ಸಕ್ಕರೆಯ ಗುಣ. ಮಾಮೂಲಿ ಸಕ್ಕರೆ 160-170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಕ್ಯಾರಮೆಲ್ ಆಗತೊಡಗುತ್ತದೆ. 200 ಡಿಗ್ರಿ ದಾಟಿತೋ, ಕಪ್ಪಾಗಿ ಕಹಿಯಾಗುತ್ತದೆ. ಹದ ಸಿಗುವುದು ಇವೆರಡರ ನಡುವಿನ ಆ ಸಣ್ಣ ಜಾಗದಲ್ಲಿ ಮಾತ್ರ. ಕಟ್ಟಿಗೆಯ ಉರಿಯ ಬಿಸಿಯಾದರೋ ಸಾವಿರ ಡಿಗ್ರಿಯ ಹತ್ತಿರ ಹೋಗಬಲ್ಲದು. ಅದೂ ಒಂದೇ ಕಡೆ ನಿಲ್ಲುವುದಿಲ್ಲ, ಗಾಳಿ ಬಂದ ಕಡೆ ನಾಲಿಗೆ ಚಾಚುತ್ತದೆ. ಜೊತೆಗೆ ಮಸಿ ಬೇರೆ ಮೆತ್ತುತ್ತದೆ. ಕೆಂಡದ ಬಿಸಿಯೂ ಕಮ್ಮಿಯೇನಲ್ಲ, ಆದರೆ ಅದು ಒಂದೇ ಸಮ ಇರುತ್ತದೆ. ಎಷ್ಟು ದೂರ ಹಿಡಿಯುತ್ತೀರೋ ಅಷ್ಟೇ ಬಿಸಿ. ಅಂದರೆ ಹದ ನಿಮ್ಮ ಕೈಯಲ್ಲಿರುತ್ತದೆ.

ಕಟ್ಟಿಗೆ ಹೊತ್ತಿಸಿ ಮುಕ್ಕಾಲು ಗಂಟೆ, ಒಂದು ಗಂಟೆಯಾದರೂ ಬಿಡಿ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಅದೇ ಬೇಕಾದದ್ದು. ಕೆಂಡದಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ನೋಡಿ. ನಾಲ್ಕೈದು ಸೆಕೆಂಡ್ ತಡೆದುಕೊಳ್ಳಲು ಆದರೆ ಹದವಾಗಿದೆ. ಎರಡೇ ಸೆಕೆಂಡಿಗೆ ಕೈ ಎಳೆದುಕೊಂಡರೆ ಇನ್ನೂ ಕಾಯಬೇಕು. ಅಷ್ಟು ಹೊತ್ತು ಸುಮ್ನೆ ಕೂರಲು ಮಕ್ಕಳು ಬಿಡುವುದಿಲ್ಲ, ನಿಜ. ಅದಕ್ಕೊಂದು ಉಪಾಯವಿದೆ. ಹೊಸ ಕಟ್ಟಿಗೆಯನ್ನು ಒಂದು ಪಕ್ಕಕ್ಕೆ ಮಾತ್ರ ಹಾಕುತ್ತಾ ಹೋಗಿ. ಆ ಕಡೆ ಉರಿ ಇರಲಿ, ಎಲ್ಲರೂ ಅದರ ಸುತ್ತ ಕೂರಲಿ. ಅಲ್ಲಿ ಬೀಳುವ ಕೆಂಡವನ್ನು ಕೋಲಿನಿಂದ ಈ ಕಡೆ ಎಳೆದುಕೊಳ್ಳಿ. ಅಡುಗೆ ಈ ಕಡೆ ನಡೆಯಲಿ.

ಈಗ ಮಾರ್ಷ್‌ಮ್ಯಾಲೋ. ಅದರಲ್ಲಿರುವುದು ಸಕ್ಕರೆ, ಸಿರಪ್, ಇವನ್ನು ಹಿಡಿದಿಡುವ ಜೆಲಾಟಿನ್, ಉಳಿದದ್ದೆಲ್ಲ ಗಾಳಿ. ಗಾಳಿಯ ಗುಳ್ಳೆಗಳ ಮೂಲಕ ಬಿಸಿ ನಿಧಾನವಾಗಿ ಒಳಗೆ ಹೋಗುತ್ತದೆ, ಸ್ವೆಟರ್ ಹಾಕಿಕೊಂಡ ಹಾಗೆ. ಹೊರಗಿನ ಸಕ್ಕರೆ ಸೀದರೂ ಒಳಗೆ ತಣ್ಣಗಿರುವುದು ಇದಕ್ಕೇ. ಕೆಂಡದಿಂದ ಒಂದು ಗೇಣು ದೂರ ಹಿಡಿದು ಬಿಡದೆ ತಿರುಗಿಸಿ. ಮೊದಲು ಮೈ ಹೊಳೆಯುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಮಾರ್ಷ್‌ಮ್ಯಾಲೋ ಉಬ್ಬುತ್ತದೆ. ಆಮೇಲೆ ಮೇಲ್ಪದರ ಜೇನಿನ ಬಣ್ಣಕ್ಕೆ ಬಂದು, ಇಡೀ ತುಂಡು ಕಡ್ಡಿಯಿಂದ ಜಾರುವ ಹಾಗೆ ವಾಲುತ್ತದೆ. ತೆಗೆಯಬೇಕಾದದ್ದು ಆಗಲೇ, ಬಣ್ಣ ಬಂದ ತಕ್ಷಣವಲ್ಲ. ಜೆಲಾಟಿನ್ 35 ಡಿಗ್ರಿ ಸುಮಾರಿಗೇ ಕರಗುತ್ತದೆ, ಆದ್ದರಿಂದ ವಾಲಿತು ಅಂದರೆ ಒಳಗೂ ಬಿಸಿಯಾಗಿದೆ ಎಂದೇ ಅರ್ಥ. ಬೆಂಕಿ ಹತ್ತಿಕೊಂಡರೆ ಊದಿ ಆರಿಸಿ. ಕಡ್ಡಿ ಬೀಸಬೇಡಿ, ದಯವಿಟ್ಟು. ಕುದಿಯುವ ಸಕ್ಕರೆ ಹಾರಿ ಯಾರದಾದರೂ ಮೈಗೆ ಅಂಟಿದರೆ ಬಿಡಿಸಲು ಬರುವುದಿಲ್ಲ, ಕುದಿಯುವ ನೀರು ಬಿದ್ದದ್ದಕ್ಕಿಂತ ಆಳವಾಗಿ ಸುಡುತ್ತದೆ.

ಸುಟ್ಟ ಮಾರ್ಷ್‌ಮ್ಯಾಲೋ ಜೊತೆ ಬಿಸ್ಕತ್ತಿನ ನಡುವೆ ಇಟ್ಟ ಚಾಕೊಲೇಟ್ ಕರಗುವುದೇ ಇಲ್ಲ ಎಂದು ಹಲವರು ಗೊಣಗುತ್ತಾರೆ. ಚಾಕೊಲೇಟ್ ಕರಗಲು 34 ಡಿಗ್ರಿ ಸಾಕು, ಆದರೆ ರಾತ್ರಿಯ ಚಳಿಗೆ ಅದು ಕಲ್ಲಾಗಿರುತ್ತದೆ. ಮಾರ್ಷ್‌ಮ್ಯಾಲೋ ಸುಡುವಷ್ಟು ಹೊತ್ತು ಬಿಸ್ಕತ್ತು, ಚಾಕೊಲೇಟ್ ಎರಡನ್ನೂ ಒಂದು ತಟ್ಟೆಯಲ್ಲಿ ಬೆಂಕಿಯ ಬದಿಗಿಡಿ. ಅಷ್ಟು ಮಾಡಿದರೆ ಸಾಕು.

ಬಾಳೆಹಣ್ಣು ಇನ್ನೂ ಸುಲಭ, ನನ್ನ ಪ್ರಕಾರ ರುಚಿಯೂ ಜಾಸ್ತಿ. ಸಿಪ್ಪೆ ಸುಲಿಯಬೇಡಿ. ಒಳಬಾಗಿನ ಕಡೆ ಉದ್ದಕ್ಕೆ ಸೀಳಿ, ಚಾಕೊಲೇಟ್ ಚೂರು ತುರುಕಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕೆಂಡದ ಅಂಚಿನಲ್ಲಿಡಿ. ಐದರಿಂದ ಹತ್ತು ನಿಮಿಷ. ಸಿಪ್ಪೆ ಕಪ್ಪಾದರೂ ಚಿಂತೆಯಿಲ್ಲ, ಒಳಗಿನ ತಿರುಳನ್ನು ಅದು ಕಾಯುತ್ತದೆ. ಚಮಚದಲ್ಲಿ ತೆಗೆದು ತಿನ್ನಿ.

ಸೇಬಿಗೆ ಅರ್ಧ ಗಂಟೆ ಬೇಕು, ಹಾಗಾಗಿ ಅದನ್ನೇ ಮೊದಲು ಇಡಿ. ಬೀಜದ ಭಾಗ ಕೊರೆದು ತೆಗೆಯಿರಿ, ಆದರೆ ತಳ ತೂತಾಗದಿರಲಿ. ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ತುಂಬಿ. ಫಾಯಿಲ್ ಎರಡು ಸುತ್ತು ಇರಲಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ನಿಗಿನಿಗಿ ಕೆಂಡದ ಬಿಸಿ ಅಷ್ಟು ಮುಟ್ಟಬಹುದು. ಒಂದೇ ಪದರವಾದರೆ ತೂತು ಬಿದ್ದು ಪಾಕವೆಲ್ಲ ಬೂದಿಗೆ ಸೋರುತ್ತದೆ. ಹುಳಿ ಹಣ್ಣಾದರೆ ಒಳಗೊಂದು ಬೇಕಿಂಗ್ ಪೇಪರ್ ಹಾಕಿ, ಹುಳಿಗೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಬಿಚ್ಚುವಾಗ ಮುಖ ದೂರವಿರಲಿ, ಒಳಗಿನ ಹಬೆ ರಪ್ಪನೆ ಹೊಡೆಯುತ್ತದೆ.

ಕೇಕ್ ಆಸೆಯಿದ್ದರೆ ದಪ್ಪ ಕಬ್ಬಿಣದ ಮುಚ್ಚಳದ ಪಾತ್ರೆ ಬೇಕು. ಕೆಂಡದ ಮೂರನೇ ಎರಡು ಭಾಗ ಮುಚ್ಚಳದ ಮೇಲೆ, ಒಂದು ಭಾಗ ಕೆಳಗೆ. ತಳದಲ್ಲಿ ಜಾಸ್ತಿ ಹಾಕಿದರೆ ಮತ್ತದೇ ಕರಕಲು.

ಕಟ್ಟಿಗೆಯ ಮಾತೂ ಹೇಳಲೇಬೇಕು. ಗಟ್ಟಿ ಜಾತಿಯ ಒಣ ಮರವಾದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಪೈನ್‌ನಂಥ ಅಂಟು ಮರಕ್ಕೆ ಹೊಗೆ, ಮಸಿ ಜಾಸ್ತಿ, ವಾಸನೆ ತಿಂಡಿಗೂ ಹತ್ತುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಹತ್ತಿರವೂ ತರಬೇಡಿ. ಗುರುತಿಲ್ಲದ ಗಿಡದ ಕೊಂಬೆ ಮುರಿದು ಕಡ್ಡಿ ಮಾಡುವುದೂ ಬೇಡ. ಕಣಗಿಲೆಯಂಥ ಗಿಡದ ಪ್ರತಿ ಭಾಗವೂ ವಿಷ. ಮರದ ಹಿಡಿಯಿರುವ ಉದ್ದನೆಯ ಸ್ಟೀಲ್ ಕಡ್ಡಿ ಎಲ್ಲಕ್ಕಿಂತ ಒಳ್ಳೆಯದು.