ಕಾಲೇಜಿಗೆ ವಿದೇಶಿ ಎಂಒಯು ಇದ್ದರೆ ಅಲ್ಲಿನ ಪದವಿಯೂ ಸಿಗುತ್ತದೆಯೇ?

ಪ್ರಶ್ನೆ: ಕಲಬುರಗಿಯಲ್ಲೇ ಎಂ.ಟೆಕ್ ಸೇರಬೇಕೆಂದಿದ್ದೇನೆ. ಕಾಲೇಜಿಗೆ ವಿದೇಶಿ ವಿಶ್ವವಿದ್ಯಾಲಯದ ಜೊತೆ ಎಂಒಯು (ಪರಸ್ಪರ ಒಡಂಬಡಿಕೆ ಪತ್ರ) ಇದೆಯಂತೆ. ಅಲ್ಲಿನ ಪದವಿಯೂ ನನಗೆ ಸಿಗುತ್ತದೆಯೇ?

ಉತ್ತರ: ಬರೀ ಎಂಒಯು ಇದ್ದರೆ ಸಿಗುವುದಿಲ್ಲ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ‘ಅಧ್ಯಾಪಕರ ವಿನಿಮಯ, ಜಂಟಿ ಸಂಶೋಧನೆ, ವಿಚಾರ ಸಂಕಿರಣಕ್ಕೆ ಪರಸ್ಪರ ಸಹಕರಿಸುತ್ತೇವೆ’ ಎಂಬಷ್ಟೇ ಮಾತು. ಹಣ ಯಾರು ಕೊಡಬೇಕು, ವಿದ್ಯಾರ್ಥಿಯ ಕ್ರೆಡಿಟ್ (ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಅಂಕ) ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು ಬೇರೆ ಒಪ್ಪಂದದಲ್ಲಿ ಇರಬೇಕು.

ಪದವಿಯ ವಿಷಯಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮವಿದೆ. ಅದರಲ್ಲಿ ಮೂರು ಬಗೆ. ಟ್ವಿನ್ನಿಂಗ್ ಆದರೆ ಕೆಲವು ಕ್ರೆಡಿಟ್ ಹೊರದೇಶದಲ್ಲಿ, ಗರಿಷ್ಠ ಶೇ 30. ಪದವಿ ಮಾತ್ರ ಇಲ್ಲಿನದೇ. ಜಂಟಿ ಪದವಿಯಾದರೆ ಎರಡೂ ಕಡೆ ಕನಿಷ್ಠ ಶೇ 30ರಷ್ಟು ಓದಬೇಕು, ಪ್ರಮಾಣಪತ್ರ ಒಂದೇ. ನೀವು ಕೇಳುತ್ತಿರುವ ಎರಡೆರಡು ಪದವಿ ‘ಡ್ಯುಯಲ್ ಡಿಗ್ರಿ’ಯಲ್ಲಿ ಮಾತ್ರ. ಆನ್‌ಲೈನ್ ಕೋರ್ಸ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ನಿಮ್ಮ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿದ್ದರೆ ಪದವಿ ಕೊಡುವುದು ವಿಟಿಯು, ಕಾಲೇಜಲ್ಲ, ಅದನ್ನು ಮರೆಯಬೇಡಿ.

ಆದರೂ ಎರಡನೇ ಸರ್ಟಿಫಿಕೇಟಿಗಿಂತ ಎರಡನೇ ಗೈಡ್ ದೊಡ್ಡ ಲಾಭ ಎಂದು ನಾನು ನಂಬಿದ್ದೇನೆ. ಅದಕ್ಕೆ ನಮ್ಮ ಜಿಲ್ಲೆಗೇ ಹತ್ತಿರದ ಉದಾಹರಣೆ ಎಲ್‌ಸಿ3, ಅಂದರೆ ಸುಣ್ಣದಕಲ್ಲು ಮತ್ತು ಸುಟ್ಟ ಜೇಡಿಮಣ್ಣು ಬೆರೆಸಿದ ಸಿಮೆಂಟ್. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್, ಕ್ಯೂಬಾದ ಲಾಸ್ ವಿಲಾಸ್ ವಿಶ್ವವಿದ್ಯಾಲಯ, ನಮ್ಮ ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳು ಸೇರಿ ಬೆಳೆಸಿದ ಸಂಶೋಧನೆ ಇದು. ಮಾಮೂಲಿ ಸಿಮೆಂಟಿನ ಮುಖ್ಯ ವಸ್ತುವಾದ ಕ್ಲಿಂಕರ್‌ಗೆ (ಸುಟ್ಟು ಗಟ್ಟಿಯಾದ ಉಂಡೆಗಳು) ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಎಲ್‌ಸಿ3ಯ ಒಂದು ಪ್ರಸಿದ್ಧ ಮಿಶ್ರಣದಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದರ್ಧ ಹೀಗೆ: ಒಟ್ಟು ಮಿಶ್ರಣದ ಶೇ 30 ಸುಟ್ಟ ಜೇಡಿಮಣ್ಣು, ಶೇ 15 ಸುಡದ ಸುಣ್ಣದಕಲ್ಲಿನ ಪುಡಿ, ಶೇ 5 ಜಿಪ್ಸಮ್. ಮಣ್ಣಿಗೆ 700ರಿಂದ 850 ಡಿಗ್ರಿ ಸಾಕು. ಕ್ಲಿಂಕರ್‌ಗೆ ಒಗ್ಗದ ಕೆಳದರ್ಜೆಯ ಕಲ್ಲೂ ಇದರಲ್ಲಿ ಉಪಯೋಗಕ್ಕೆ ಬರುತ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಈ ಬಗೆಯ ಸಿಮೆಂಟಿಗೆ ಐಎಸ್ 18189 ಮಾನದಂಡ ತಂದಿತು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ನೆರಳಲ್ಲಿ ಬೆಳೆದ ಸಿವಿಲ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧದ ವಿಷಯ ಎಲ್ಲಿ ಸಿಕ್ಕೀತು? ಇಲ್ಲಿನ ಗಣಿಯ ಕಲ್ಲಿನ ಮಾದರಿ ನಿಮ್ಮ ಕೈಲಿದೆ, ಅದನ್ನು ಪರೀಕ್ಷಿಸುವ ಎಕ್ಸ್-ರೇ ಯಂತ್ರ ಇನ್ನೊಂದು ಕಡೆ ಇದೆ. ಸಹಯೋಗ ಬೇಕಾಗುವುದೇ ಅಲ್ಲಿ.

ಪಿಎಚ್‌.ಡಿ. ಮನಸ್ಸಿನಲ್ಲಿದ್ದರೆ 2008ರಲ್ಲಿ ಶುರುವಾದ ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಜಂಟಿ ಅಕಾಡೆಮಿಯನ್ನು ನೋಡಿ. ಎರಡೂ ಸಂಸ್ಥೆಗಳ ಮಾರ್ಗದರ್ಶಕರು, ಎರಡರ ಹೆಸರಲ್ಲೂ ಪದವಿ.

ಸೇರುವ ಮೊದಲು ವಿಭಾಗದ ಮುಖ್ಯಸ್ಥರನ್ನು ಕೇಳಿ: ಎಂಒಯು ಅವಧಿ ಇನ್ನೂ ಇದೆಯೇ? ನನ್ನ ವಿಷಯದಲ್ಲಿ ಅಲ್ಲಿನ ಯಾವ ಪ್ರಾಧ್ಯಾಪಕರು ಕೆಲಸ ಮಾಡುತ್ತಾರೆ? ವಿಮಾನದ ಖರ್ಚು, ಅಲ್ಲಿನ ವಾಸದ ಖರ್ಚು ಯಾರದು? ಈ ಒಪ್ಪಂದದಡಿ ಹೋಗಿಬಂದ ಹಿರಿಯ ವಿದ್ಯಾರ್ಥಿ ಇದ್ದರೆ ಅವರ ಹತ್ತಿರ ನೇರ ಮಾತಾಡಿಸಿ ಎನ್ನಿ. ಉತ್ತರಗಳನ್ನು ಬರಹದಲ್ಲಿ ಕೊಡಲು ಅವರು ಹಿಂಜರಿದರೆ, ಎಂಒಯುವನ್ನು ಲೆಕ್ಕಕ್ಕೆ ಹಿಡಿಯದೆ ಕಾಲೇಜಿನ ಲ್ಯಾಬ್ ಮತ್ತು ಗೈಡ್ ನೋಡಿಯೇ ಸೇರುವುದೋ ಬೇಡವೋ ತೀರ್ಮಾನಿಸಿ.