ನೀರು ಎಲ್ಲಿಂದ, ಮಗು ಯಾರ ಹತ್ತಿರ?

ವಾಂತಿ ಭೇದಿ ಅಂತ ಮಗುವನ್ನು ಎತ್ತಿಕೊಂಡು ಬಂದವರಿಗೆ ನಾನು ಎರಡು ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಕುಡಿಯೋ ನೀರು ಎಲ್ಲಿಂದ ತರ್ತೀರಿ? ಹಗಲು ಮಗು ಯಾರ ಹತ್ತಿರ ಇರುತ್ತೆ? "ಹಲ್ಲು ಬರ್ತಿದೆ ಡಾಕ್ಟ್ರೇ, ಅದಕ್ಕೇ" ಎಂದು ಜೊತೆಗೆ ಬಂದ ಅಜ್ಜಿ ಬಾಯಿ ಹಾಕುವುದುಂಟು. ಹಲ್ಲಿನಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅಷ್ಟೇ.

ಬೆಂಗಳೂರಿನ ಎಷ್ಟೋ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಪೈಪಿನ ಬಿರುಕು ಆ ಕೊಳಕನ್ನು ಎಳೆದುಕೊಳ್ಳುತ್ತದೆ. ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಆ ನಲ್ಲಿಯೂ ಇಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಟ್ಯಾಂಕರ್ ನೀರನ್ನು ಡ್ರಮ್ಮಿಗೆ ತುಂಬಿಟ್ಟುಕೊಳ್ಳುತ್ತಾರೆ. ಆ ಡ್ರಮ್ಮನ್ನು ಒಮ್ಮೆ ಬಗ್ಗಿ ನೋಡಬೇಕು. ಮುಚ್ಚಳದ ಬದಲು ಪ್ಲೈವುಡ್ ತುಂಡು, ಒಳಗೆ ತೇಲುವ ಒಂದೇ ಮಗ್ಗು. ಪಾತ್ರೆ ತೊಳೆಯೋಕೂ ಅದೇ, ಮಗುವಿನ ಅಂಡು ತೊಳೆಯೋಕೂ ಅದೇ, ಕುಡಿಯೋಕೂ ಅದೇ. ಬರುವಾಗ ಚೆನ್ನಾಗಿದ್ದ ನೀರೂ ಇಲ್ಲಿ ಕೆಡುತ್ತದೆ. ಕುದಿಸಿ ಕುಡಿಯಿರಿ ಅನ್ನೋದು ನಮಗೆ ಸುಲಭ. ಗ್ಯಾಸನ್ನು ಕೆಜಿ ಲೆಕ್ಕದಲ್ಲಿ ತುಂಬಿಸಿಕೊಳ್ಳುವವರಿಗೆ ಅದು ದುಬಾರಿ ಮಾತು. ಅದಕ್ಕೇ ಮಗುವಿನ ಪಾಲಿನ ನೀರನ್ನಾದರೂ ಕುದಿಸಿ, ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ ಎನ್ನುತ್ತೇನೆ.

ಎರಡನೇ ಪ್ರಶ್ನೆಗೆ ಉತ್ತರ ಹೆಚ್ಚಾಗಿ "ಅವರಕ್ಕನ ಹತ್ರ". ಅಕ್ಕನಿಗೇ ಏಳೆಂಟು ವರ್ಷ. ಬೆಳಿಗ್ಗೆ ತುಂಬಿಸಿಟ್ಟ ಬಾಟಲಿ ಹಾಲು ಮಧ್ಯಾಹ್ನದವರೆಗೂ ನಡೆಯುತ್ತದೆ. ಆ ನಿಪ್ಪಲ್ ಒಳಗೆ ಬೆರಳಾಡಿಸಿದರೆ ಹಳೇ ಹಾಲಿನ ಲೋಳೆ. ಬಾಟಲಿ ಬಿಡಿ, ಲೋಟ ಚಮಚ ಸಾಕು. 6 ತಿಂಗಳವರೆಗೆ ಎದೆಹಾಲು ಮಾತ್ರ ಅಂತ ಗೋಡೆಗೆ ಪೋಸ್ಟರ್ ಅಂಟಿಸಿದ್ದೇವೆ. ಕಾನೂನಿನಲ್ಲಿ 26 ವಾರ ಹೆರಿಗೆ ರಜೆಯೂ ಇದೆ. ಗಾರೆ ಕೆಲಸದವಳಿಗೆ, ಮನೆಗೆಲಸದವಳಿಗೆ ಅದನ್ನು ಕೊಡೋರು ಯಾರು? ಇಂಥ ತಾಯಿಗೆ ಶುಚಿಯಿಲ್ಲ ಅಂತ ಬೈಯುವುದು ಸರಿಯಲ್ಲ, ಅಲ್ವಾ?

ಡಾಕ್ಟರ ಹತ್ತಿರ ಬಂದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಮೊದಲು ಮೆಡಿಕಲ್ ಸ್ಟೋರಿನ ಭೇದಿ ನಿಲ್ಲಿಸೋ ಔಷಧಿ. ಅದು ಪುಟ್ಟ ಮಕ್ಕಳಿಗೆ ಬೇಡವೇ ಬೇಡ. ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಅಪಾಯ. ಜಿಂಕ್ 14 ದಿನ, ಭೇದಿ ನಿಂತರೂ ಬಿಡಬಾರದು. ಕಣ್ಣು ಗುಳಿ ಬಿದ್ದರೆ, ಮಗು ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಲಿ ಲೆಕ್ಕ ಬಿಟ್ಟು ಓಡಿ ಬನ್ನಿ.

ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ 6, 10, 14ನೇ ವಾರಕ್ಕೆ, ಅದೂ ಪುಕ್ಕಟೆ. ಕೆಲಸ ಹುಡುಕಿಕೊಂಡು ಊರು ಬದಲಿಸುವ ಮಕ್ಕಳಿಗೇ ಇದು ತಪ್ಪಿಹೋಗುವುದು. ಲಸಿಕೆ ಬರೆದಿಡುವ 'ತಾಯಿ ಕಾರ್ಡ್' ಊರಲ್ಲೇ ಉಳಿದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ. ಮಗುವಿಗೆ ವರ್ಷ ತುಂಬುವ ಮೊದಲು ಮೊದಲ ಡೋಸ್ ಬೀಳಬೇಕು.