ಓದಿನ ಸಾಲ ತೀರದ ಸಾಲವಾದ ಬಗೆ

ಅಮೆರಿಕದಲ್ಲಿ ಇವತ್ತು 4 ಕೋಟಿಗೂ ಜಾಸ್ತಿ ಜನರ ತಲೆ ಮೇಲೆ ಸರ್ಕಾರದ ಶಿಕ್ಷಣ ಸಾಲ ಇದೆ. ಒಟ್ಟು ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ಸಾಲಗಾರರೆಲ್ಲ ಈಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರಲ್ಲ. ಅರವತ್ತು ದಾಟಿದವರೂ ಇದ್ದಾರೆ. ಇದು ಒಂದೇ ಏಟಿಗೆ ಆದದ್ದಲ್ಲ. ಒಂದೊಂದೇ ಕಾನೂನು ಬದಲಾಗುತ್ತಾ, ಸರ್ಕಾರ ಹೊರಬೇಕಿದ್ದ ಭಾರ ವಿದ್ಯಾರ್ಥಿಯ ಹೆಗಲಿಗೆ ಬಂತು.

ಶುರುವಿನಲ್ಲಿ ಸರ್ಕಾರ ಕೊಟ್ಟಿದ್ದು ಸಾಲವನ್ನಲ್ಲ. 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 'ಜಿಐ ಬಿಲ್'ಗೆ ಸಹಿ ಹಾಕಿದರು. ಯುದ್ಧ ಮುಗಿಸಿ ಬಂದ ಸೈನಿಕರ ಕಾಲೇಜು ಫೀಸನ್ನು ವರ್ಷಕ್ಕೆ 500 ಡಾಲರ್‌ವರೆಗೆ ಸರ್ಕಾರವೇ ಕಟ್ಟಿತು. ಖರ್ಚಿಗೆ ತಿಂಗಳ ಭತ್ಯೆ ಬೇರೆ. ಏನನ್ನೂ ವಾಪಸ್ ಕೊಡಬೇಕಿರಲಿಲ್ಲ. 20 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಕಾಲೇಜು ಸೇರಿದರು. ಆದರೆ ಕಪ್ಪು ಸೈನಿಕರಿಗೆ ಎಷ್ಟೋ ಕಾಲೇಜುಗಳು ಬಾಗಿಲು ತೆರೆಯಲೇ ಇಲ್ಲ. ಅದನ್ನು ಮರೆತು ಈ ಯೋಜನೆಯನ್ನು ಹೊಗಳಲಾಗದು.

ಸಾಲ ಬಂದದ್ದು ರಷ್ಯಾದ ಭಯದಿಂದ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ವಿಜ್ಞಾನದಲ್ಲಿ ನಾವು ಹಿಂದೆ ಬಿದ್ದೆವು ಎಂದು ಅಮೆರಿಕ ಗಾಬರಿಯಾಯಿತು. ಮರು ವರ್ಷವೇ ಐಸೆನ್‌ಹೋವರ್ ಸರ್ಕಾರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದಿತು. ವರ್ಷಕ್ಕೆ 1,000 ಡಾಲರ್‌ವರೆಗೆ ಸಾಲ, ಬಡ್ಡಿ ಶೇ 3, ತೀರಿಸಲು 10 ವರ್ಷ. ಓದಿ ಮೇಷ್ಟ್ರಾದರೆ ಅರ್ಧ ಸಾಲದವರೆಗೆ ಮನ್ನಾ. ಕಟ್ಟಿ ಮುಗಿಸಬಹುದಾದ ಸಾಲ ಅಂದರೆ ಹೀಗಿರಬೇಕು ಅಲ್ವಾ?

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದಕ್ಕಾಗಿ ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ ತಾವು ಓದಿದ ಕಾಲೇಜಿಗೇ ಹೋಗಿದ್ದರು. ಬಡತನದಲ್ಲಿ ಓದಿದ್ದ ಅವರ ಉದ್ದೇಶ ಒಳ್ಳೆಯದೇ. ಆದರೆ ಏರ್ಪಾಡು ಹೀಗಿತ್ತು: ಸಾಲ ಕೊಡುವುದು ಬ್ಯಾಂಕು, ಜಾಮೀನು ಸರ್ಕಾರದ್ದು. ಹುಡುಗ ಕಟ್ಟದಿದ್ದರೆ ಸರ್ಕಾರ ಕಟ್ಟುತ್ತದೆ. ಬ್ಯಾಂಕಿಗೆ ನಷ್ಟದ ಭಯವಿಲ್ಲ, ಬಡ್ಡಿ ಮಾತ್ರ ಖಾತ್ರಿ. ಓದಿನ ಸಾಲ ವ್ಯಾಪಾರವಾದದ್ದು ಇಲ್ಲಿಂದಲೇ.

ಬಡ ಮಕ್ಕಳಿಗೆ ವಾಪಸ್ ಕೊಡಬೇಕಿಲ್ಲದ ಸಹಾಯಧನವೂ 1972ರಲ್ಲಿ ಬಂತು. ಈಗ ಅದಕ್ಕೆ ಪೆಲ್ ಗ್ರಾಂಟ್ ಎನ್ನುತ್ತಾರೆ. ಎಪ್ಪತ್ತರ ದಶಕದ ನಡುವೆ ಸರ್ಕಾರಿ ಕಾಲೇಜಿನ ಓದು, ಊಟ, ವಸತಿ ಎಲ್ಲ ಸೇರಿದ ಖರ್ಚಿನ ಮುಕ್ಕಾಲು ಭಾಗ ಅದರಲ್ಲೇ ಕಳೆಯುತ್ತಿತ್ತು. ಈಗ ಮೂರನೇ ಒಂದು ಭಾಗಕ್ಕೂ ಸಾಲದು. 2024-25ರಲ್ಲಿ ಗರಿಷ್ಠ ಮೊತ್ತ 7,395 ಡಾಲರ್. ಸಹಾಯಧನ ಏರಿತು ನಿಜ, ಖರ್ಚು ಅದಕ್ಕಿಂತ ಎಷ್ಟೋ ಜೋರಾಗಿ ಏರಿತು. ನಡುವಿನ ಕಂದಕವನ್ನು ತುಂಬಿದ್ದು ಸಾಲ.

1976ನೇ ಇಸವಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ಕಾಲೇಜುಗಳಲ್ಲಿ 1847ರಿಂದ ಉಚಿತ ಶಿಕ್ಷಣ ನಡೆದು ಬಂದಿತ್ತು. ನಗರದ ಬೊಕ್ಕಸ ಬರಿದಾಗಿ ಆ ವರ್ಷ ಅಲ್ಲೂ ಫೀಸು ಹಾಕಿದರು. ಅದೇ ವರ್ಷ ಸಂಸತ್ತು ಇನ್ನೊಂದು ಬಾಗಿಲನ್ನೂ ಮುಚ್ಚಿತು. ಸಾಲ ಕಟ್ಟಲಾಗದವರು ದಿವಾಳಿ ಅರ್ಜಿ ಹಾಕಿ ಬಿಡುಗಡೆ ಪಡೆಯಬಹುದು. ವಿಪರೀತ ಕಷ್ಟ ತೋರಿಸದಿದ್ದರೆ ಓದಿನ ಸಾಲಕ್ಕೆ ಮೊದಲ 5 ವರ್ಷ ಅದು ಸಿಗದು ಎಂದಾಯಿತು. ಡಾಕ್ಟರು, ವಕೀಲರು ಓದು ಮುಗಿದ ಕೂಡಲೇ ದಿವಾಳಿ ಎನ್ನುತ್ತಿದ್ದಾರೆಂಬ ಗುಲ್ಲು ಆಗ ಜೋರಾಗಿತ್ತು. ಲೆಕ್ಕ ನೋಡಿದರೆ ಹಾಗೆ ಹೋದದ್ದು ಶೇ 1ಕ್ಕಿಂತ ಕಡಿಮೆ ಸಾಲ. ಆದರೂ 1990ರಲ್ಲಿ 5 ವರ್ಷ 7 ಆಯಿತು. 1998ರಲ್ಲಿ ಆ ಅವಧಿಯನ್ನೇ ತೆಗೆದು, ವಿಪರೀತ ಕಷ್ಟವಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಿದವರಿಗಷ್ಟೇ ಬಿಡುಗಡೆ ಎಂದರು. 2005ರಲ್ಲಿ ಖಾಸಗಿ ಸಾಲಕ್ಕೂ ಇದೇ ಕಟ್ಟಳೆ ಬಂತು. ವಸೂಲಿಗಿದ್ದ ಕಾಲಮಿತಿಯನ್ನು 1991ರಲ್ಲೇ ಕಿತ್ತುಹಾಕಿದ್ದರು. ಹಳೆಯ ಓದಿನ ಸಾಲಕ್ಕೆ ವೃದ್ಧರ ಸಾಮಾಜಿಕ ಭದ್ರತಾ ಪಿಂಚಣಿಯಿಂದಲೂ ಹಣ ಹಿಡಿಯಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಜೂಜಿಗೆ ಮಾಡಿದ ಸಾಲಕ್ಕೂ ದಿವಾಳಿಯಲ್ಲಿ ಬಿಡುಗಡೆ ಸಿಗಬಹುದಾದ ದೇಶದಲ್ಲಿ ಓದಿಗೆ ಮಾಡಿದ ಸಾಲಕ್ಕೆ ಸಿಗುವುದು ಇಷ್ಟು ಕಷ್ಟ. ಇದು ಅನ್ಯಾಯವೇ.

ಕಟ್ಟುತ್ತಾ ಹೋದರೂ ಸಾಲ ಬೆಳೆಯುವುದು ಹೇಗೆ? ಒಬ್ಬಳ ಮೇಲೆ 30,000 ಡಾಲರ್ ಸಾಲ ಇದೆ, ಬಡ್ಡಿ ಶೇ 6 ಎಂದುಕೊಳ್ಳಿ. ತಿಂಗಳ ಬಡ್ಡಿಯೇ 150 ಡಾಲರ್. ಸಂಬಳ ಕಡಿಮೆ ಎಂದು ಆದಾಯ ನೋಡಿ ಕಂತು ನಿಗದಿ ಮಾಡುವ ಯೋಜನೆ ಸೇರಿದಳು. ಕಂತು 100 ಡಾಲರ್ ಆಯಿತು. ಉಳಿದ 50 ಡಾಲರ್ ಬಡ್ಡಿ ಪ್ರತಿ ತಿಂಗಳೂ ಬಾಕಿ. ಒಂದೂ ಕಂತು ತಪ್ಪಿಸದೆ 5 ವರ್ಷದಲ್ಲಿ 6,000 ಡಾಲರ್ ಕಟ್ಟಿದಳು. ಈಗ ಬಾಕಿ 33,000. ಅಸಲನ್ನು ಮುಟ್ಟಲೇ ಆಗಲಿಲ್ಲ. 20-25 ವರ್ಷ ಕಟ್ಟಿದ ಮೇಲೆ ಉಳಿದದ್ದು ಮನ್ನಾ ಎಂಬುದೊಂದೇ ಇದರಲ್ಲಿ ಆಸೆ.

ಮನ್ನಾದ ಮಾತುಗಳೂ ಸುಲಭಕ್ಕೆ ನಿಜವಾಗಲಿಲ್ಲ. ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತು ಕಟ್ಟಿದವರಿಗೆ ಉಳಿದ ಸಾಲ ಮನ್ನಾ ಎಂದು 2007ರಲ್ಲಿ ಹೇಳಿದರು. ಹತ್ತು ವರ್ಷ ಕಾದು ಅರ್ಜಿ ಹಾಕಿದವರಲ್ಲಿ ಶೇ 99ರಷ್ಟು ಮಂದಿಯನ್ನು ಮೊದಮೊದಲು ವಾಪಸ್ ಕಳಿಸಿದರು. ಸಾಲದ ಬಗೆ ಸರಿಯಿಲ್ಲ, ಯೋಜನೆ ಸರಿಯಿಲ್ಲ, ಹೀಗೆ ಕಾರಣಗಳು. 2010ರಲ್ಲಿ ಬ್ಯಾಂಕುಗಳನ್ನು ಪೂರ್ತಿ ಬದಿಗಿಟ್ಟು, ಹೊಸ ಸರ್ಕಾರಿ ಸಾಲವನ್ನೆಲ್ಲ ಸರ್ಕಾರವೇ ನೇರವಾಗಿ ಕೊಡತೊಡಗಿತು. ಕೋವಿಡ್ ಬಂದಾಗ 2020ರ ಮಾರ್ಚ್‌ನಿಂದ ಕಂತು, ಬಡ್ಡಿ ಎರಡೂ ನಿಂತವು. ತಲಾ 10,000 ಡಾಲರ್, ಪೆಲ್ ಗ್ರಾಂಟ್ ಪಡೆದವರಿಗೆ 20,000 ಡಾಲರ್‌ವರೆಗೆ ಮನ್ನಾ ಎಂದು ಬೈಡನ್ 2022ರಲ್ಲಿ ಘೋಷಿಸಿದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ಅದನ್ನು ರದ್ದು ಮಾಡಿತು. ಸೆಪ್ಟೆಂಬರ್‌ನಿಂದ ಬಡ್ಡಿ ಮತ್ತೆ ಓಡತೊಡಗಿತು.

2025ರ ಜುಲೈನ ಹೊಸ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿಗಳ ಸರ್ಕಾರಿ ಸಾಲಕ್ಕೆ ಮಿತಿ ಹಾಕಿದೆ. ಒಟ್ಟು 1 ಲಕ್ಷ ಡಾಲರ್. ವೈದ್ಯಕೀಯ, ಕಾನೂನಿನಂಥ ಕೋರ್ಸ್‌ಗಳಿಗೆ 2 ಲಕ್ಷ. ಹೊಸಬರಿಗೆ ಇದು 2026ರ ಜುಲೈ 1ರಿಂದ ಅನ್ವಯ. ಮಿತಿ ಹಾಕಿದರೆ ಕಾಲೇಜುಗಳು ಫೀಸು ಇಳಿಸುತ್ತವೆ ಎಂಬ ವಾದವಿದೆ. ಇಳಿಸದಿದ್ದರೆ ಮಿಕ್ಕ ಹಣಕ್ಕೆ ಖಾಸಗಿ ಸಾಲವೇ ಗತಿ. ಸರ್ಕಾರಿ ಸಾಲಕ್ಕಿರುವ ಆದಾಯ ನೋಡಿದ ಕಂತಾಗಲಿ, 120 ಕಂತಿನ ಮನ್ನಾವಾಗಲಿ ಅದಕ್ಕೆ ಸಿಗುವುದಿಲ್ಲ. ದಿವಾಳಿಯ ಬಾಗಿಲು ಅದಕ್ಕೂ 2005ರಲ್ಲೇ ಬಹುಪಾಲು ಮುಚ್ಚಿದೆ.